ಪಿಲ್‌ನಾಮ್ ಅಕ್ಕನ ಮೆಲುದನಿ

ಪಿಲ್‌ನಾಮ್ ಅಕ್ಕ ತಾನು ಮೆಲುದನಿಯವಳೆಂದೇ ನಂಬಿಕೊಂಡಿದ್ದಳು. ಗುನ್‌ಸಾನ್ ಬಂದರಿನಲ್ಲಿ ಹತ್ತು ವರ್ಷ ಮೀನು ಮಾರಿ, ಆಮೇಲೆ ನಮ್ಮ ಪ್ರಾಥಮಿಕ ಶಾಲೆಯ ಅಡುಗೆಮನೆ ಸೇರಿದವಳು. ಅಲ್ಲಿ ಹತ್ತೊಂಬತ್ತು ವರ್ಷದಿಂದ ಅವಳದೇ ಯಜಮಾನಿಕೆ. ಅನ್ನದ ಹಂಡೆ ನನ್ನದು, ತರಕಾರಿ ಯೊನ್‌ಸಿಲ್‌ಳದು. ಊಟದ ಪಟ್ಟಿ ಬರೆಯುವವಳು ಸೋಲ್‌ಬಿ ಮೇಡಂ. ನಮ್ಮೆಲ್ಲರಿಗಿಂತ ಚಿಕ್ಕವಳು, ಪದವಿಯಲ್ಲಿ ದೊಡ್ಡವಳು.

ಚಳಿಗಾಲದ ರಜೆಗೆ ಮುಂಚೆ ಸಂಗೀತದ ಟೀಚರು ದೂರು ಕೊಟ್ಟರು. ಹಾಡಿನ ಮಧ್ಯೆ ಅಡುಗೆಮನೆಯಿಂದ "ಮೂಲಂಗಿ ಎಲ್ಲೇ" ಎಂದು ಕೇಳಿಬರುತ್ತದೆ, ಮಕ್ಕಳು ಈಗ ಅದನ್ನೂ ಸೇರಿಸಿಕೊಂಡೇ ಹಾಡುತ್ತಾರೆ ಎಂದು. ಅಕ್ಕನಿಗೆ ನೇರವಾಗಿ ಹೇಳುವ ಧೈರ್ಯ ಮೇಡಂಗಿರಲಿಲ್ಲ. ತಮ್ಮನ್ನು ತಾವು ಅರಿಯುವ, ಜೊತೆಯವರನ್ನು ಅರಿಯುವ ತರಬೇತಿ ಎಂದು ಹೇಳಿ, ರಜೆಯಲ್ಲಿ ಒಬ್ಬ ಮೇಷ್ಟ್ರನ್ನು ಕರೆಸಿದಳು.

ಮೇಷ್ಟ್ರು ನಮ್ಮ ಬೆನ್ನಿಗೆ ಒಂದೊಂದು ಹಾಳೆ ಅಂಟಿಸಿದರು. ಮನಸ್ಸಿನಲ್ಲಿದ್ದದ್ದನ್ನು ಒಬ್ಬರ ಬೆನ್ನಿನ ಮೇಲೆ ಇನ್ನೊಬ್ಬರು ಬರೆಯಬೇಕು. ನನ್ನ ಹಾಳೆಯಲ್ಲಿ "ಉಪ್ಪು ನೋಡುವ ನೆಪದಲ್ಲಿ ಒಂದು ಬಟ್ಟಲು ಸಾರು ಕುಡಿಯಬೇಡ" ಎಂದಿತ್ತು. ಬರೆದವರಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಎಂದುಕೊಂಡೆ. ಯೊನ್‌ಸಿಲ್‌ಗೆ "ಕೇಳಿಸದಿದ್ದರೂ ಹೂಂ ಅನ್ನಬೇಡ" ಎಂದಿತ್ತು. ಅಕ್ಕನ ಹಾಳೆಯಲ್ಲಿ ಮೂರು ಕೈಬರಹ, ಮಾತು ಒಂದೇ: "ಸ್ವಲ್ಪ ಮೆಲ್ಲಗೆ."

ಅಕ್ಕ ಹಾಳೆಯನ್ನು ತಿರುಗಿಸಿ ನೋಡಿದಳು. "ಮೇಷ್ಟ್ರೇ, ಇದು ಬೇರೆ ಯಾರದೋ, ಅದಲುಬದಲಾಗಿದೆ."

"ನಿಮ್ಮ ಬೆನ್ನಿಂದಲೇ ತೆಗೆದದ್ದು, ಅಮ್ಮ."

"ನಾನು ಗಟ್ಟಿಯಾಗಿ ಮಾತಾಡೋದೇ ಇಲ್ವಲ್ಲ." ಕಿಟಕಿಯ ಗಾಜು ಅದುರಿತು.

ಅಂದು ಬೆಳಿಗ್ಗೆ ನಮ್ಮೆಲ್ಲರ ಫೋನಿಗೆ ಅಕ್ಕ ಕಳಿಸಿದ್ದ ದನಿಸಂದೇಶವನ್ನು ಯೊನ್‌ಸಿಲ್ ಹಾಕಿ ಕೇಳಿಸಿದಳು. ಅಕ್ಕ ಕತ್ತು ಓರೆ ಮಾಡಿ ಪೂರ್ತಿ ಕೇಳಿದಳು.

"ಯಾರೇ ಇವಳು? ಯಾರ ಜೊತೆ ಜಗಳಕ್ಕೆ ನಿಂತಿದಾಳೆ?"

"ನೀವೇ ಅಕ್ಕ," ಯೊನ್‌ಸಿಲ್ ಹೇಳಿದಳು. "'ಎಲ್ಲರೂ ಬೆಚ್ಚಗೆ ಬಟ್ಟೆ ಹಾಕ್ಕೊಂಡು ಬನ್ನಿ' ಅಂತಿದೀರಿ."

ಅಕ್ಕ ಅಲ್ಲೇ ಕೂತುಬಿಟ್ಟಳು.

ಅಂದಿನಿಂದ ಅವಳು ನಿಜಕ್ಕೂ ಮೆಲುದನಿಯವಳಾದಳು. ವಾರದ ಮೇಲೆ ನನಗೆ ಅವಳ ಗಂಡನ ಫೋನು ಬಂತು. "ಕುಮ್‌ಜಾ, ಇವಳಿಗೆ ಏನಾದ್ರೂ ಕಾಯಿಲೆಯಾ? ಅನ್ನ ಹಾಕಲಾ ಅಂತ ಪಿಸುಗುಟ್ತಾಳೆ. ರಾತ್ರಿ ನಿದ್ದೆ ಬರ್ತಿಲ್ಲ ನನಗೆ." ತರಬೇತಿ ಕಣಣ್ಣ, ಏನೂ ಆಗಿಲ್ಲ ಎಂದು ಸಮಾಧಾನ ಹೇಳಿದೆ.

ಶಾಲೆ ತೆರೆದ ದಿನ ಪಟ್ಟಿಯಲ್ಲಿ ಕಡಲಪಾಚಿಯ ಸಾರು ಇತ್ತು. ಒಣಗಿದ ಪಾಚಿ ನೋಡಲು ಒಂದು ಹಿಡಿ, ನೀರಿಗೆ ಬಿದ್ದರೆ ಒಂದು ಬಕೆಟ್ಟು. ಹೊಗೆ ಎಳೆಯುವ ಫ್ಯಾನು ಭರ್ರೆಂದು ತಿರುಗುತ್ತಿತ್ತು. ಯೊನ್‌ಸಿಲ್ ಎರಡು ಪೊಟ್ಟಣ ತೊಟ್ಟಿಗೆ ಸುರಿದಳು. ಅಕ್ಕ ಮೆಲ್ಲಗೆ "ಸಾಕು" ಎಂದಳು. ಯೊನ್‌ಸಿಲ್‌ಗೆ ಕೇಳಿಸಿದ್ದು "ಹಾಕು". ಹೂಂ ಎಂದು ಇನ್ನೊಂದು ಸುರಿದಳು. ಅಕ್ಕ ಇನ್ನೂ ನಯವಾಗಿ "ಸಾಕು, ಸಾಕು" ಎಂದಳು. ಇನ್ನೆರಡು ಬಿದ್ದವು. ನಾನು ಆಗ ಸಾರಿನ ಉಪ್ಪು ನೋಡುತ್ತಿದ್ದೆ.

ಹತ್ತು ನಿಮಿಷದಲ್ಲಿ ಪಾಚಿ ತೊಟ್ಟಿ ತುಂಬಿ, ಅಂಚು ದಾಟಿ, ನೆಲಕ್ಕಿಳಿದು ಬಾಗಿಲ ಕಡೆ ಹೊರಟಿತು. ಒಳಗೆ ಬಂದ ಸೋಲ್‌ಬಿ ಮೇಡಂ ಅದರ ಮೇಲೆ ಕಾಲಿಟ್ಟು, ಅನ್ನದ ಹಂಡೆಯವರೆಗೂ ಜಾರಿಕೊಂಡು ಹೋಗಿ ನನ್ನ ಸೊಂಟ ಹಿಡಿದು ನಿಂತಳು.

"ಯಾಕಕ್ಕ ಕೂಗಲಿಲ್ಲ?" ಎಂದಳು.

"ಕೂಗಬೇಡ ಅಂತ ನೀವೇ ತಾನೆ ಬರೆದಿದ್ದು," ಎಂದು ಅಕ್ಕ ಪಿಸುಗುಟ್ಟಿದಳು.

"ಏನಂದ್ರಿ?"

ನಾನು ಹೋಗಿ ಫ್ಯಾನು ಆರಿಸಿದೆ.

ಅಂದು ಸಾರಿನಲ್ಲಿ ಚಮಚ ನೆಟ್ಟಗೆ ನಿಲ್ಲುತ್ತಿತ್ತು. ಅದೇ ದಿನ ಆರನೇ ತರಗತಿಗೆ ಪರೀಕ್ಷೆ ಬೇರೆ. ಪಾಚಿಯ ಸಾರು ಕುಡಿದರೆ ಪರೀಕ್ಷೆಯಲ್ಲಿ ಜಾರಿಬೀಳುತ್ತೇವೆಂಬುದು ನಮ್ಮ ಕಡೆಯ ನಂಬಿಕೆ, ಆ ಮಕ್ಕಳು ಬಾಯಿಗೇ ಇಡಲಿಲ್ಲ. ಜಾರಿದ್ದು ಮೇಡಂ ಒಬ್ಬಳೇ.

ಪಾತ್ರೆ ತೊಳೆದ ಮೇಲೆ ನೆಲದ ಮೇಲೆ ಕೂತು ಕಾಫಿ ಕುಡಿದೆವು.

"ಹತ್ತೊಂಬತ್ತು ವರ್ಷ ಯಾರೂ ಒಂದು ಮಾತು ಹೇಳಲಿಲ್ಲವಲ್ಲೇ," ಅಂದಳು ಅಕ್ಕ.

"ಹೇಳಿದ್ವಿ ಅಕ್ಕ. ನಿಮ್ಮ ದನಿಯಲ್ಲಿ ಕೇಳಿಸಲಿಲ್ಲ," ಅಂದೆ.

ಯೊನ್‌ಸಿಲ್ ಲೋಟ ಕೆಳಗಿಟ್ಟಳು. "ಇನ್ನೊಂದ್ಸಲ ಹೇಳಿ ಅನ್ನೋಕೆ ನನಗೆ ಭಯ ಅಕ್ಕ. ಅದಕ್ಕೇ ಹೂಂ ಅಂತೀನಿ."

"ನನ್ನ ಕಂಡರೆ ಭಯವಾ?"

"ಹೂಂ."

"ಇದು ಯಾವ ಹೂಂ?"

"ನಿಜವಾದದ್ದು."

ಅಕ್ಕ ಅವಳ ಕಡೆ ಸರಿದು ಕೂತು, ಬಗ್ಗಿಹೋಗಿದ್ದ ಅವಳ ಕಾಲರು ಸರಿಮಾಡಿದಳು.

ಫ್ಯಾನು ತಿರುಗುವಾಗ ಅಕ್ಕ ಎಷ್ಟು ಬೇಕಾದರೂ ಕೂಗಬಹುದು, ನಿಂತಾಗ ಇಲ್ಲ ಎಂದು ಒಪ್ಪಂದವಾಯಿತು. ಕೇಳಿಸದಿದ್ದರೆ ಯೊನ್‌ಸಿಲ್ ಕೈ ಎತ್ತಬೇಕು. ನನಗೊಂದು ಚಿಕ್ಕ ಚಮಚ ತಂದುಕೊಟ್ಟರು, ಉಪ್ಪು ನೋಡಲು. ಸಂಗೀತದ ತರಗತಿಯನ್ನು ಮೇಡಂ ಹೇಳಿ ಮೇಲಿನ ಮಹಡಿಗೆ ಹಾಕಿಸಿದಳು.

ಈಗ ಯೊನ್‌ಸಿಲ್ ದಿನಕ್ಕೆ ಮೂವತ್ತು ಸಲ ಕೈ ಎತ್ತುತ್ತಾಳೆ. ಅಕ್ಕ ಪ್ರತಿ ಸಲವೂ ಹತ್ತಿರ ಹೋಗಿ, ಕಿವಿಗೆ ಬಾಯಿ ಇಟ್ಟು ಹೇಳುತ್ತಾಳೆ. ಅಕ್ಕನ ಉಸಿರಿಗೆ ಬೆಳ್ಳುಳ್ಳಿ ವಾಸನೆಯಂತೆ. ಮುಂದಿನ ತರಬೇತಿಯಲ್ಲಿ ಅದನ್ನೇ ಬರೀತೀನಿ ಎಂದು ಯೊನ್‌ಸಿಲ್ ಕಾಯುತ್ತಿದ್ದಾಳೆ.