ಕೇಳಿದ್ದಕ್ಕೆ ಮಾತ್ರ

ನಮ್ಮ ಭಾವ ಮೂರು ಸಲ ಫೇಲಾದ ಮನುಷ್ಯ. ಮೊದಲೆರಡು ಸಲ ಫೇಲಾದದ್ದನ್ನು ನಾನು ಅವರ ಎದುರಿಗೇ ಹೇಳುತ್ತಿದ್ದೆ, ಅವರೂ ಹೌದೆಂದು ತಲೆಯಾಡಿಸುತ್ತಿದ್ದರು. ಅಕ್ಕನ ಮನೆಯಲ್ಲೇ ಇರುವ ನಾದಿನಿ ಅಂದಮೇಲೆ ಅಷ್ಟೂ ಸಲಿಗೆ ಇಲ್ಲದಿದ್ದರೆ ಹೇಗೆ? ಆದರೆ ಮೂರನೆಯ ಸಲದ ನಂತರ ಹಾಗೆ ಹೇಳುವುದನ್ನು ನಾನೇ ಬಿಟ್ಟೆ. ಐವತ್ತರ ಹತ್ತಿರದ ಗಂಡಸು ಅಂಕಪಟ್ಟಿ ಹಿಡಿದುಕೊಂಡು ಮುಖ ಸಣ್ಣದು ಮಾಡಿಕೊಂಡು ಕೂತರೆ ತಮಾಷೆ ಮಾಡಲು ನಾಲಿಗೆ ಏಳುವುದಿಲ್ಲ.

ಭಾವನದು ಆಸ್ಪತ್ರೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ. ಲ್ಯಾಬಿನಲ್ಲಿ ರಕ್ತ ನೋಡಿದವರು ಬರೆದ ವರದಿ ನಾಲ್ಕನೆಯ ಮಹಡಿಯ ಡಾಕ್ಟರ ಕಂಪ್ಯೂಟರಿನಲ್ಲಿ ಕಾಣಬೇಕಾದರೆ ನಡುವೆ ಎಷ್ಟೋ ಕೇಬಲ್, ಎಷ್ಟೋ ಪೆಟ್ಟಿಗೆ ನೆಟ್ಟಗಿರಬೇಕು. ಹತ್ತೊಂಬತ್ತು ವರ್ಷದಿಂದ ಅವನ್ನು ನೆಟ್ಟಗಿಟ್ಟವರು ಇವರು. ಯಾವ ಗೋಡೆಯೊಳಗೆ ಯಾವ ಕೇಬಲ್ ಓಡಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಾರೆ. ಆದರೆ ಹೊಸದಾಗಿ ಬಂದ ಮ್ಯಾನೇಜರ್ ಒಂದು ಆದೇಶ ಹೊರಡಿಸಿದ. ಎರಡು ವರ್ಷ ಗಡುವು, ನಾಲ್ಕು ಅವಕಾಶ. ಅಷ್ಟರೊಳಗೆ ದೊಡ್ಡ ಸರ್ಟಿಫಿಕೇಟ್ ತರದವರು ಯಂತ್ರದ ಕೋಣೆಗೆ ಕಾಲಿಡುವಂತಿಲ್ಲ. ಕೆಳಗೆ ಫೋನ್ ಮೇಜಿನ ಮುಂದೆ ಕೂತು ಬಂದ ದೂರು ಬರೆದುಕೊಂಡರೆ ಸಾಕು. ಭಾವನಿಗೆ ಅದು ಬದುಕಿದ್ದೂ ಸತ್ತಂತೆ.

ಪರೀಕ್ಷೆ ಅಂದರೆ ಪೆನ್ನು ಕಾಗದದ ಪರೀಕ್ಷೆಯಲ್ಲ. ಇಲ್ಲದ ಒಂದು ಕಂಪನಿಯನ್ನು ಇದೆ ಎಂದು ಕಲ್ಪಿಸಿ, ಅದರ ನೆಟ್‌ವರ್ಕನ್ನು ಬೇಕೆಂದೇ ಕೆಡಿಸಿಟ್ಟು, ಎಂಟು ಗಂಟೆಯೊಳಗೆ ಇಂತಿಂಥದ್ದನ್ನು ಸರಿ ಮಾಡು ಎನ್ನುತ್ತಾರೆ. ಅಭ್ಯಾಸಕ್ಕೆಂದು ಭಾವ ನಾಲ್ಕು ಹಳೆಯ ಸ್ವಿಚ್ ತಂದರು. ಸ್ವಿಚ್ ಅಂದಾಗ ನಾನು ದೀಪದ್ದು ಅಂದುಕೊಂಡಿದ್ದೆ. ಬಂದದ್ದು ಒಂದೊಂದೂ ಟ್ರಂಕಿನಷ್ಟು ಭಾರದ ಕಬ್ಬಿಣದ ಪೆಟ್ಟಿಗೆ, ಮುಂದೆ ಕಂಪ್ಯೂಟರುಗಳ ಕೇಬಲ್ ಸಿಕ್ಕಿಸಲು ಸಾಲಾಗಿ ತೂತು, ಹಿಂದೆ ಗೊರ್ ಎನ್ನುವ ಫ್ಯಾನು. ಜಾಗ ಇದ್ದದ್ದು ನಾನು ಬಟ್ಟೆ ಹೊಲಿಯುವ ಕೋಣೆಯಲ್ಲಿ ಮಾತ್ರ. ಬೆಳಗ್ಗೆ ಐದಕ್ಕೆ ಅವು ಶುರುವಾದರೆ ನನ್ನ ಹೊಲಿಗೆ ಮೆಷಿನ್ನಿನ ಸದ್ದು ನನಗೇ ಕೇಳುತ್ತಿರಲಿಲ್ಲ. ತಲೆ ಚಿಟ್ಟು ಹಿಡಿಯುತ್ತಿತ್ತು.

ಮೂರು ಸಲ ಫೇಲಾದರಲ್ಲ, ಯಾಕೆ? ಎಲ್ಲಿ ತಪ್ಪಿತು ಎಂದು ಅಂಕಪಟ್ಟಿ ಹೇಳುವುದಿಲ್ಲ. ಮೂರನೆಯ ಸಲ ಬಂದವರು ಒಂದು ವಾರ ನೆನಪಿನಿಂದ ಇಡೀ ಪ್ರಶ್ನೆಪತ್ರಿಕೆಯನ್ನು ಬರೆದು ನೋಡಿ, ಕೊನೆಗೆ ನನ್ನ ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕುಸಿದರು.

"ಗೊತ್ತಾಯ್ತು ಕಣೇ. ಕೇಳ್ದೇ ಇರೋದನ್ನೂ ಸರಿ ಮಾಡಿಬಿಟ್ಟಿದೀನಿ."

"ಸರಿ ಮಾಡಿದ್ರೆ ಒಳ್ಳೇದೇ ಅಲ್ವಾ ಭಾವ?"

"ಅಲ್ಲ. ಅವರು ಬೇಕಂತಲೇ ಹಾಗೆ ಬಿಟ್ಟಿರ್ತಾರೆ. ಅದನ್ನ ಮುಟ್ಟಿದ್ರೆ ಇನ್ನೆರಡು ಉತ್ತರ ಕೆಡುತ್ತೆ, ಟೈಮೂ ಹೋಗುತ್ತೆ. ಮೂರು ಸಲಾನೂ ಅದೇ ರೋಗ."

ನನಗೆ ನಗು ತಡೆಯಲಾಗಲಿಲ್ಲ. ಈ ಮನುಷ್ಯ ಒಮ್ಮೆ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡು, ಉಳಿದರ್ಧ ಸೋಪಿನ ನೊರೆಯಲ್ಲೇ ಎದ್ದು ಹೋಗಿ ಪಕ್ಕದ ಔಷಧಿ ಅಂಗಡಿಯ ಬಿಲ್ಲಿನ ಮೆಷಿನ್ ರಿಪೇರಿ ಮಾಡಿದವರು. ಕೆಟ್ಟದ್ದು ಕಣ್ಣಿಗೆ ಬಿದ್ದರೆ ಕೈ ಸುಮ್ಮನಿರದು. ಆಸ್ಪತ್ರೆಯಿಂದ ಹೊತ್ತಿಗೆ ಸರಿಯಾಗಿ ಮನೆಗೆ ಬಂದದ್ದೇ ಇಲ್ಲ. ಬರುವ ದಾರಿಯಲ್ಲಿ ಮೂರು ವಾರ್ಡು ಸಿಗುತ್ತವೆ, ಮೂರರಲ್ಲೂ ಏನಾದರೂ ಒಂದು ಕೆಟ್ಟಿರುತ್ತದೆ. ಅಕ್ಕ ಅದಕ್ಕೆ ಬೈಯದ ದಿನವಿಲ್ಲ.

ಹಾಗಾಗಿ ನಾಲ್ಕನೆಯ ಸಲಕ್ಕೆ ಮೇಷ್ಟ್ರು ನಾನಾದೆ. ಭಾವ ಏನು ಟೈಪ್ ಮಾಡುತ್ತಾರೋ ನನಗೆ ಒಂದಕ್ಷರ ತಿಳಿಯದು, ತಿಳಿಯಬೇಕಾಗಿಯೂ ಇರಲಿಲ್ಲ. ಬಟ್ಟೆ ಅಳೆಯುವ ಮರದ ಸ್ಕೇಲು ಹಿಡಿದು ಪಕ್ಕದಲ್ಲಿ ಕೂರುವುದು. ಅವರು ಕೀಬೋರ್ಡಿಗೆ ಕೈಯಿಟ್ಟಾಗಲೆಲ್ಲ "ಎಷ್ಟನೇ ಪ್ರಶ್ನೆ?" ಎಂದು ಕೇಳುವುದು. ನಂಬರ್ ಹೇಳಿದರೆ ಸರಿ. "ಪ್ರಶ್ನೆಯೇನಿಲ್ಲ, ಆದ್ರೆ ಈ ಲೈನು ನೋಡು..." ಎಂದರೆ ಬೆರಳಿನ ಮೇಲೆ ಫಟ್ ಅಂತ ಒಂದೇಟು. ಮೊದಲ ವಾರ ದಿನಕ್ಕೆ ಮೂವತ್ತು ನಲವತ್ತು ಏಟು ಬಿದ್ದವು. ಇಬ್ಬರೂ ನಗುತ್ತಿದ್ದೆವು. ತಿಂಗಳ ಹೊತ್ತಿಗೆ ಐದಕ್ಕೆ ಇಳಿಯಿತು. ಮೂರನೆಯ ತಿಂಗಳು ಸ್ಕೇಲಿಗೆ ಕೆಲಸವೇ ಇರಲಿಲ್ಲ. ಅಷ್ಟರಲ್ಲಿ ನಗುವುದೂ ನಿಂತಿತ್ತು, ಇಬ್ಬರಿಗೂ ಅಷ್ಟು ಸುಸ್ತಾಗಿತ್ತು. ಭಾವನ ಕಣ್ಣು ಕೆಂಪು, ನನ್ನ ಕಣ್ಣೂ ಕೆಂಪು. ಅವರ ಪ್ರಶ್ನೆ ಮುಗಿದ ಮೇಲೆ ನನ್ನ ಹೊಲಿಗೆ, ಅವರ ಆಸ್ಪತ್ರೆ ಇದ್ದೇ ಇದ್ದವಲ್ಲ.

ಒಂದು ಬೆಳಗ್ಗೆ ಭಾವ ಒಲೆಯ ಮುಂದೆ ನಿಂತಿದ್ದಾಗಲೇ ಹಾಲು ಉಕ್ಕಿ ಹರಿಯಿತು. ಅಕ್ಕ ಓಡಿ ಬಂದಳು.

"ಇಲ್ಲೇ ನಿಂತಿದೀರಲ್ರೀ, ಒಲೆ ಆರಿಸ್ಬಾರ್ದಾ?"

"ನೀನು ಹೇಳ್ಲಿಲ್ವಲ್ಲ," ಎಂದರು ಭಾವ. ಕೊಂಕು ಮಾತಲ್ಲ, ನಿಜಕ್ಕೂ ಹಾಗೇ ಅಂದುಕೊಂಡು ಹೇಳಿದ್ದು.

ಆಗಲೂ ನಾನು ನಕ್ಕೆ. ಆಮೇಲೆ ಅಕ್ಕ ಹಲ್ಲುನೋವಿನಿಂದ ಕೆನ್ನೆ ಊದಿಸಿಕೊಂಡು ಎರಡು ದಿನ ಓಡಾಡಿದಳು. ಭಾವ ನೋಡಿದರು, ಏನಾಯ್ತು ಎಂದು ಕೇಳಲಿಲ್ಲ. ಮೂರನೆಯ ದಿನ ಅಕ್ಕ ಒಬ್ಬಳೇ ಹೋಗಿ ಹಲ್ಲು ಕೀಳಿಸಿಕೊಂಡು ಬಂದಳು. ನನಗೆ ಪಿತ್ತ ನೆತ್ತಿಗೇರಿತು, ಬಾಯಿ ಬಿಡಬೇಕೆಂದುಕೊಂಡೆ. ಆದರೆ ಯಾರಿಗೆ ಬೈಯುವುದು? ಬೆರಳಿಗೆ ಹೊಡೆದು ಹೊಡೆದು ಕಲಿಸಿದವಳು ನಾನೇ. ಪರೀಕ್ಷೆ ಮುಗಿಯಲಿ, ಎಲ್ಲ ಸರಿಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಪರೀಕ್ಷೆಯ ದಿನ ಜೊತೆಗೆ ಹೋದವಳೂ ನಾನೇ. ಅಕ್ಕನಿಗೆ ಧೈರ್ಯ ಸಾಲದು. ಬಾಗಿಲ ಹೊರಗಿನ ಬೆಂಚಿನ ಮೇಲೆ ಎಂಟು ಗಂಟೆ ಕೂತು ಸೊಂಟ ಬಿದ್ದುಹೋಯಿತು. ಹೊರಗೆ ಬಂದ ಭಾವನ ಜೊತೆ ಬಸ್ಸು ಹತ್ತಿದೆ.

"ಹದಿನೇಳು ನಿಮಿಷ ಉಳೀತು," ಎಂದರು ಅರ್ಧ ದಾರಿಯಲ್ಲಿ. "ಒಂದು ಲೈನು ಇವತ್ತೋ ನಾಳೆಯೋ ಅನ್ನೋ ಹಾಗಿತ್ತು. ಎರಡು ನಿಮಿಷದ ಕೆಲಸ. ಪ್ರಶ್ನೆಯಲ್ಲಿರ್ಲಿಲ್ಲ. ಕೈಕಟ್ಟಿ ಕೂತೆ."

"ಕಷ್ಟ ಆಯ್ತಾ?"

"ಇಲ್ಲ," ಎಂದು ಅವರು ಕಿಟಕಿಯ ಕಡೆ ತಿರುಗಿದರು. "ಏನೂ ಅನ್ನಿಸ್ಲೇ ಇಲ್ಲ."

ಪಾಸಾದರು. ಮ್ಯಾನೇಜರ್ ಕೈ ಕುಲುಕಿದ, ಯಂತ್ರದ ಕೋಣೆಯ ಹೊಸ ಕೀಲಿ ಕೊಟ್ಟ. ಅಕ್ಕ ಸರ್ಟಿಫಿಕೇಟಿಗೆ ಗಾಜಿನ ಚೌಕಟ್ಟು ಹಾಕಿಸಿದಳು. ಭಾವ ಮಾತ್ರ ಎರಡು ದಿನ ಮಲಗಿಯೇ ಇದ್ದರು, ಊಟಕ್ಕೆಂದು ಎಬ್ಬಿಸಿದರೆ ಏಳುತ್ತಿದ್ದರು.

ಸೋಮವಾರ ಕೆಲಸಕ್ಕೆ ಹೋದವರು ಸಂಜೆ ಐದೂವರೆಗೆಲ್ಲ ಮನೆಯಲ್ಲಿದ್ದರು. ಅಕ್ಕ ಮೊದಲು ಗಡಿಯಾರ ನೋಡಿದಳು, ಆಮೇಲೆ ಗಂಡನ ಮುಖ ನೋಡಿದಳು. ಟೀ ಲೋಟ ಕೈಗಿಟ್ಟು ಎದುರಿಗೆ ಕೂತಳು.

"ಏನ್ರೀ, ಇವತ್ತು ಯಾವ್ದೂ ಕೆಟ್ಟಿರ್ಲಿಲ್ವಾ?"

"ಕೆಟ್ಟಿತ್ತು. ಮಕ್ಕಳ ವಾರ್ಡಿನ ಸ್ವಿಚ್ಚು. ಫ್ಯಾನ್ ನಿಂತಿದೆ, ಮುಟ್ಟಿದ್ರೆ ಸುಡುತ್ತೆ. ಬೆಳಗಾಗೋದ್ರೊಳಗೆ ಕೈ ಕೊಡಬಹುದು."

"ಮತ್ತೆ?"

"ಯಾರೂ ದೂರು ಕೊಟ್ಟಿಲ್ಲ."

ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅಕ್ಕನ ಮುಖ ನೋಡಿದೆ.

"ಎದ್ದೇಳಿ," ಎಂದಳು ಅಕ್ಕ. "ನಾನು ಹೇಳ್ತಿದೀನಲ್ಲ, ಈಗ್ಲೇ ಹೋಗಿ. ಎಷ್ಟೊತ್ತಾದ್ರೂ ಆಗ್ಲಿ."

ಭಾವ ಲೋಟ ಕೆಳಗಿಟ್ಟರು, ಚಪ್ಪಲಿ ಮೆಟ್ಟಿಕೊಂಡರು. ಬಾಗಿಲವರೆಗೆ ಹೋದವರು ಅಲ್ಲೇ ನಿಂತು, ತಿರುಗಿ ನನ್ನ ಮುಖ ನೋಡಿದರು. ಹೋಗಲೋ ಬೇಡವೋ ಎಂದು ನನ್ನನ್ನು ಕೇಳುತ್ತಿದ್ದರು ಆ ದೊಡ್ಡ ಮನುಷ್ಯ. ಅಷ್ಟು ನಾಚಿಕೆ ನನಗೆ ಬದುಕಿನಲ್ಲಿ ಇನ್ಯಾವತ್ತೂ ಆಗಿಲ್ಲ.

"ಹೋಗಿ ಭಾವ," ಎಂದೆ, "ನನ್ನನ್ನ ಕೇಳ್ಬೇಡಿ."