ನಿಲಕ್ಕೋಟ್ಟೈಯಲ್ಲಿ ನಾನು ಗೆದ್ದ ವಾದ

ವೋಟರ್ ಕಾರ್ಡ್ ಹುಡುಕುವುದಕ್ಕೆಂದು ಹೋದ ತಿಂಗಳು ಬೀರುವಿನ ಕೆಳಗಿನ ಖಾನೆ ತೆಗೆದೆ. ನುಸಿಗುಳಿಗೆಯ ವಾಸನೆ ಮುಖಕ್ಕೆ ಹೊಡೆಯಿತು. ಅದರ ಹಿಂದೆಯೇ ಜರಿಯಂಚಿನ ಶಾಲೊಂದು ಜಾರಿ ಕಾಲ ಮೇಲೆ ಬಿತ್ತು. ಕಾರ್ಡ್ ಸಿಗಲಿಲ್ಲ. ಶಾಲು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತೆ. ನಮ್ಮ ಕಡೆ ಸಭೆಯಲ್ಲಿ ಮಾತಾಡಿದವರಿಗೆಲ್ಲ ಇಂಥದೊಂದು ಹೊದಿಸುತ್ತಾರೆ. ಹೊದೆಯೋಣವೆಂದರೆ ಸೆಕೆ, ಹಾಸೋಣವೆಂದರೆ ಚಿಕ್ಕದು, ಮೈ ಒರೆಸಿಕೊಳ್ಳೋಣವೆಂದರೆ ಜರಿ ಚುಚ್ಚುತ್ತದೆ. ಹಾಗಾಗಿ ಅದು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟುತ್ತ ಊರೂರು ಸುತ್ತುತ್ತದೆ. ನನಗೆ ಬಂದ ಶಾಲುಗಳನ್ನು ನಾನೂ ಹಾಗೆಯೇ ದಾಟಿಸಿದವನು. ಇದೊಂದನ್ನು ಮಾತ್ರ ಯಾಕೆ ಇಟ್ಟುಕೊಂಡೆ ಎಂದು ಹೇಳಬೇಕಾದರೆ ನೀವು ಸ್ವಲ್ಪ ಹೊತ್ತು ನನ್ನ ಜೊತೆ ಕೂರಬೇಕು.

ನಾನು ತಮಿಳುನಾಡಿನ ಉತ್ತಮಪಾಳಯಂನ ಹೈಸ್ಕೂಲೊಂದರಲ್ಲಿ ತಮಿಳು ಮೇಷ್ಟ್ರಾಗಿದ್ದೆ. ಮನೆಯಲ್ಲಿ ಕನ್ನಡ, ಹೊರಗೆ ತಮಿಳು. ನಮ್ಮ ಕನ್ನಡವನ್ನು ಮೈಸೂರಿನವರು ಕೇಳಿದರೆ ಮೊದಲು ನಗುತ್ತಾರೆ, ಆಮೇಲೆ ಯಾವ ಕಡೆಯವರು ಎಂದು ವಿಚಾರಿಸುತ್ತಾರೆ. ಎಷ್ಟೋ ತಲೆಮಾರುಗಳ ಹಿಂದೆ ಇತ್ತ ಬಂದು ಬೇಸಾಯಕ್ಕೆ ನಿಂತವರ ಮಾತು ಅದು. ಹಕಾರ ದಾರಿಯಲ್ಲೇ ಎಲ್ಲೋ ಉದುರಿಹೋಗಿ ಹೂವು ನಮಗೆ 'ಊವು' ಆಗಿದೆ. ಮಾತಾಡು ಎನ್ನುವುದಕ್ಕೆ ತಮಿಳಿನ ಹಾಗೆ 'ಪೇಸು', ಕೊಳ್ಳು ಎನ್ನುವುದಕ್ಕೆ 'ವಾಂಗು', ಯಾರು ಎನ್ನುವುದಕ್ಕೆ 'ಆರು' ಎನ್ನುತ್ತೇವೆ. ಈ ಕನ್ನಡ ಲಿಪಿಯನ್ನು ನಾನು ಕಲಿತದ್ದು ನಲವತ್ತು ದಾಟಿದ ಮೇಲೆ, ಒಂದನೇ ತರಗತಿಯ ಪುಸ್ತಕ ತರಿಸಿಕೊಂಡು. ನನ್ನ ಹೆಂಡತಿ ಆಗ ಸ್ಲೇಟು ಬೇಕೇ ಎಂದು ಕೇಳಿದ್ದಳು.

ಮೇಷ್ಟ್ರ ಕೆಲಸದ ಜೊತೆಗೆ ನನಗೊಂದು ಚಟವಿತ್ತು, ಪಟ್ಟಿಮಂಡ್ರಂ. ತಮಿಳುನಾಡಿನ ಊರುಗಳಲ್ಲಿ ಇದಕ್ಕೆ ಸಿನಿಮಾದಷ್ಟೇ ಜನ ಸೇರುತ್ತಾರೆ. ಒಂದು ವಿಷಯ, ಎರಡು ಪಕ್ಷ, ಪ್ರತಿ ಪಕ್ಷಕ್ಕೆ ಮೂವರು ಮಾತುಗಾರರು. ನಡುವೆ ಕೂತು ಕೊನೆಗೆ ತೀರ್ಪು ಹೇಳುವ 'ನಡುವರ್'. ಯಾರು ಯಾವ ಪಕ್ಷ ಎಂಬುದನ್ನು ಕರೆಸುವವರು ಹಂಚುತ್ತಾರೆ. 'ಸಂಸಾರದ ಸುಖಕ್ಕೆ ಗಂಡ ಕಾರಣವೋ ಹೆಂಡತಿಯೋ' ಎಂಬ ವಿಷಯದಲ್ಲಿ ಕೊಂಬೈಯಲ್ಲಿ ಗಂಡನ ಪರ, ತೇನಿಯಲ್ಲಿ ಹೆಂಡತಿಯ ಪರ ವಾದಿಸಿ ಎರಡೂ ಕಡೆ ಗೆದ್ದು ಬಂದವನು ನಾನು. ಮನೆಯಲ್ಲಿ ಮಾತ್ರ ಈ ವಿಷಯದ ಮೇಲೆ ನನ್ನನ್ನು ಯಾರೂ ಮಾತಾಡಲು ಕರೆಯಲಿಲ್ಲ. ಯಾವ ಪಕ್ಷ ಕೊಟ್ಟರೂ ಮಾತಾಡಬಲ್ಲೆ ಎಂಬುದು ಆಗ ನನ್ನ ಹೆಮ್ಮೆಯಾಗಿತ್ತು.

ನಮ್ಮ ತಂದೆಯ ತಂಗಿ ಕೆಂಚಮ್ಮತ್ತೆಯನ್ನು ಕೊಟ್ಟದ್ದು ನಿಲಕ್ಕೋಟ್ಟೈ ಹತ್ತಿರದ ಒಂದು ಹಳ್ಳಿಗೆ. ಅವಳಿಗೆ ಇದ್ದದ್ದು ಚೂರು ಮಲ್ಲಿಗೆ ತೋಟ. ಬೆಳಿಗ್ಗೆ ಬೆಳಿಗ್ಗೆ ಮೊಗ್ಗು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ರಸ್ತೆ ಬದಿಯ ಪಂಚಾಯಿತಿ ಶೆಡ್ಡಿಗೆ ತರುತ್ತಿದ್ದಳು. ಸುತ್ತಲಿನ ಸಣ್ಣ ತೋಟದವರೆಲ್ಲ ಅಲ್ಲೇ ನೆರಳಲ್ಲಿ ಕೂತು ವ್ಯಾಪಾರಿಗಳಿಗೆ ತೂಗಿ ಕೊಟ್ಟು ಹೋಗುತ್ತಿದ್ದರು. ಬಿಸಿಲು ತಾಗಿದರೆ ಮೊಗ್ಗು ಅರಳಿಬಿಡುತ್ತದೆ. ಅರಳಿದ ಹೂವಿಗೆ ಬೆಲೆ ಇಲ್ಲ. ಹಾಗಾಗಿ ಆ ಶೆಡ್ಡಿನ ನೆರಳು ಅವರಿಗೆ ತೋಟದಷ್ಟೇ ಮುಖ್ಯವಾಗಿತ್ತು.

ಆಮೇಲೆ ಒಂದು ಸೆಂಟ್ ಕಂಪನಿ ಬಂತು. ಹೂವಿನಿಂದ ಪರಿಮಳ ತೆಗೆದು ಹೊರದೇಶಕ್ಕೆ ಕಳಿಸುವವರು. ಮೊದಲು ಶಾಲೆಯ ಗೋಡೆಗೆ ಬಣ್ಣ ಹೊಡೆಸಿದರು. ಆಮೇಲೆ ದೇವಸ್ಥಾನಕ್ಕೆ ದೀಪ, ಬಸ್ ನಿಲ್ದಾಣಕ್ಕೆ ಬೆಂಚು. ಎಲ್ಲದರ ಮೇಲೂ ಕಂಪನಿಯ ಹೆಸರು. ಮಾತಾಡಬಹುದಾಗಿದ್ದ ಬಾಯಿಗಳು ಹೀಗೆ ಒಂದೊಂದಾಗಿ ತುಂಬಿದವು. ಕೊನೆಗೆ ಪಂಚಾಯಿತಿಯವರು ಆ ಶೆಡ್ಡನ್ನೇ ಕಂಪನಿಗೆ ಗುತ್ತಿಗೆಗೆ ಕೊಟ್ಟರು. ಸುತ್ತ ತಂತಿ ಬೇಲಿ ಬಂತು. ದೊಡ್ಡ ತೋಟದವರಿಗೆ ಒಂದು ಕಾರ್ಡು ಕೊಟ್ಟು ಅವರ ಮೂಟೆಗಳನ್ನು ಮೊದಲು ತೂಗಿದರು. ಗಂಟು ಹೊತ್ತು ಬಂದ ಹೆಂಗಸರು ಬೇಲಿಯ ಹೊರಗೆ ಬಿಸಿಲಲ್ಲಿ ನಿಂತರು. ಅವರ ಸರದಿ ಬರುವಷ್ಟರಲ್ಲಿ ಮೊಗ್ಗು ಅರಳಿರುತ್ತಿತ್ತು, ಎರಡನೇ ದರ್ಜೆ ಎಂದು ಪಕ್ಕಕ್ಕೆ ತಳ್ಳುತ್ತಿದ್ದರು. ಬೇರೆ ವ್ಯಾಪಾರಿಗಳು ಅಷ್ಟರಲ್ಲಿ ಆ ಕಡೆ ಬರುವುದನ್ನೇ ಬಿಟ್ಟಿದ್ದರು.

ಒಂದು ದಿನ ಹೆಂಗಸರು ಹೂವು ಕೊಡದೆ ಬೇಲಿಯ ಮುಂದೆ ಟಾರ್ಪಾಲು ಕಟ್ಟಿ ಕೂತುಬಿಟ್ಟರು. ಯಾವ ಪಕ್ಷದ ಬಾವುಟವೂ ಇರಲಿಲ್ಲ. ಶೆಡ್ಡು ಎಲ್ಲರದಾಗಬೇಕು, ಬಂದ ಸರದಿಯಲ್ಲಿ ತೂಗಬೇಕು, ಕಣ್ಣೆದುರು ತೂಗಬೇಕು: ಅವರು ಕೇಳಿದ್ದು ಇಷ್ಟೇ. ಆದರೆ ಗಿಡಕ್ಕೆ ಮುಷ್ಕರ ಗೊತ್ತಿಲ್ಲವಲ್ಲ, ಹೂ ಬಿಡುತ್ತಲೇ ಇತ್ತು. ಬಿಡಿಸಿದ ಹೂವನ್ನು ಅವರು ಅಲ್ಲೇ ಕೂತು ಕಟ್ಟಿ, ಹೋಗಿಬರುವ ಬಸ್ಸುಗಳನ್ನು ನಿಲ್ಲಿಸಿ ಒಳಗಿದ್ದ ಹೆಂಗಸರಿಗೆಲ್ಲ ಒಂದೊಂದು ಮೊಳ ಮುಡಿಯಲು ಕೊಟ್ಟರು. ಡ್ರೈವರುಗಳೂ ತಾವಾಗಿಯೇ ನಿಲ್ಲಿಸತೊಡಗಿದರು. ಹೂವಿನ ಜೊತೆಗೆ ಸುದ್ದಿಯೂ ಬತ್ತಲಗುಂಡು, ದಿಂಡುಗಲ್ಲಿನವರೆಗೆ ಹೋಯಿತು.

ಆ ದಿನಗಳಲ್ಲಿ ಒಮ್ಮೆ ಅತ್ತೆಯನ್ನು ನೋಡಲು ಹೋಗಿದ್ದೆ. ಟಾರ್ಪಾಲಿನ ಕೆಳಗೆ ಅವಳ ಗಂಡ, ನಮ್ಮ ಮಾಮ, ಊಟದ ಕ್ಯಾರಿಯರ್ ಹಿಡಿದು ನಿಂತು ಬೈಯುತ್ತಿದ್ದರು.

"ಇಂತಾ ದೊಡ್ಡೋರ್ ಕೂಡೆ ಮಲ್ಲುಕಟ್ಟಕ್ಕಾಯ್ತದಾ? ನಾಳೆ ಅವ್ರು ಎದ್ದೋದ್ರೆ ಊವನ್ನ ಆರು ವಾಂಗ್ತಾರೆ?"

"ಅವ್ರು ಬರೋಕ್ ಮುಂದೆ ಆರು ವಾಂಗ್ತಿದ್ರೋ ಅವ್ರೇ," ಎಂದಳು ಅತ್ತೆ, ಹೂ ಕಟ್ಟುವ ಕೈ ನಿಲ್ಲಿಸದೆ. "ಅವ್ರು ಓಗ್ಲಿ ಅಂತ ಆರು ಯೋಳಿದ್ದು? ಇರ್ಲಿ. ನಮ್ಮನ್ನೂ ನೆಳ್ಳಾಗೆ ಇರಕ್ಕೆ ಬುಡ್ಲಿ."

ನಾನು ಮಾಮನ ಕಡೆ ಸೇರಿಕೊಂಡೆ. ಕಂಪನಿ ಇಷ್ಟು ಹಣ ಹಾಕಿದೆ, ಊರ ಹುಡುಗರಿಗೆ ಕೆಲಸ ಕೊಟ್ಟಿದೆ, ರಸ್ತೆಯಲ್ಲಿ ಕೂತರೆ ಕೆಟ್ಟ ಹೆಸರು ಎಂದೆಲ್ಲ ಹೇಳಿದೆ. ಅತ್ತೆ ಕೇಳಿಸಿಕೊಂಡಳು. "ನೀನು ವಾತ್ಯಾರು, ಸಾಮಿ. ನಿಂಗೆ ತೆರೀದ್ದಾ?" ಎಂದಳು. ಮೇಷ್ಟ್ರಾದ ನಿನಗೆ ತಿಳಿಯದ್ದೇ ಎಂದು ಅದರ ಅರ್ಥ. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ.

ಆ ಸಲದ ಪೊಂಗಲ್ ವಾರದಲ್ಲಿ ನಿಲಕ್ಕೋಟ್ಟೈಯಲ್ಲೇ ಒಂದು ಪಟ್ಟಿಮಂಡ್ರಂ ಏರ್ಪಾಡಾಯಿತು. ವಿಷಯ: 'ಬೀದಿಯ ಹೋರಾಟ ಊರನ್ನು ಬೆಳೆಸುತ್ತದೆಯೋ, ತಡೆಯುತ್ತದೆಯೋ?' ನನಗೆ ಹಂಚಿದ್ದು 'ತಡೆಯುತ್ತದೆ'. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಸೆಂಟ್ ಕಂಪನಿಯ ಹೆಸರು ವಿಷಯಕ್ಕಿಂತ ದೊಡ್ಡ ಅಕ್ಷರದಲ್ಲಿತ್ತು. ನಾನು ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದೆ, ಮೈಕು ಸರಿಯಾಗಿದೆಯೇ ಎಂದು ನೋಡಿದ ಹಾಗೆ ಅದನ್ನೂ ನೋಡಿದೆ. ವಾದ ಬೇರೆ, ಜೀವನ ಬೇರೆ ಎಂದು ನನ್ನಷ್ಟಕ್ಕೆ ಹೇಳಿಕೊಂಡೆ. ಅತ್ತೆಗೆ ಒಂದು ಫೋನ್ ಮಾಡಿ ತಿಳಿಸಬಹುದಿತ್ತು. ಮಾಡಲಿಲ್ಲ.

ಅವತ್ತು ನಾನು ಚೆನ್ನಾಗಿ ಮಾತಾಡಿದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ; ಚೆನ್ನಾಗಿ ಮಾತಾಡದೆ ಇದ್ದಿದ್ದರೆ ಒಳ್ಳೆಯದಿತ್ತು. ವಳರ್ಚಿ, ಮುದಲೀಡು, ಮುನ್ನೇಟ್ರಂ, ಅಂದರೆ ಬೆಳವಣಿಗೆ, ಬಂಡವಾಳ, ಪ್ರಗತಿ. ತಮಿಳಿನ ಈ ತೂಕದ ಮಾತುಗಳು ಒಂದರ ಹಿಂದೊಂದು ಪ್ರಾಸ ಹಿಡಿದು ಬಂದವು. ಕೊನೆಯಲ್ಲಿ ಒಂದು ಚಟಾಕಿ ಹಾರಿಸಿದೆ. "ಬಸ್ಸಿನವರಿಗೆ ಪುಕ್ಕಟೆ, ಕಂಪನಿಯವರಿಗೆ ತಕರಾರು! ಅಮ್ಮಂದಿರೇ, ನಿಮಗೆ ಬೇಕಾಗಿರುವುದು ನ್ಯಾಯವೋ, ಪಿಕ್ನಿಕ್ಕೋ?" ಮೈದಾನವೆಲ್ಲ ನಕ್ಕಿತು. ನಗು ಇಳಿಯುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಒಂದು ಗುಂಪು ಸುಮ್ಮನೆ ಕೂತಿರುವುದು ಕಂಡಿತು. ಎಲ್ಲರ ಮುಡಿಯಲ್ಲೂ ಒಂದೇ ಥರ ಕಟ್ಟಿದ ಮಲ್ಲಿಗೆ. ನಡುವೆ ಕೆಂಚಮ್ಮತ್ತೆ, ಮಡಿಲಲ್ಲಿ ಕೈ ಇಟ್ಟುಕೊಂಡು.

ನಡುವರ್ ಎರಡೂ ಕಡೆಯವರನ್ನು ಹೊಗಳಿ ನಮ್ಮ ಪಕ್ಷವೇ ಗೆದ್ದಿತೆಂದು ತೀರ್ಪು ಹೇಳಿದರು. ಕಂಪನಿಯ ಮ್ಯಾನೇಜರ್ ವೇದಿಕೆಗೆ ಬಂದು ನನಗೆ ಈ ಜರಿಯಂಚಿನ ಶಾಲು ಹೊದಿಸಿದರು. ಕೆಳಗಿಳಿದು ಬರುವಷ್ಟರಲ್ಲಿ ಹಿಂದಿನ ಸಾಲು ಖಾಲಿಯಾಗಿತ್ತು.

ಮಾರನೆಯ ಬೆಳಿಗ್ಗೆ ಟಾರ್ಪಾಲಿನ ಹತ್ತಿರ ಹೋದೆ. ಬೈಗುಳಕ್ಕೆ ಉತ್ತರ ಸಿದ್ಧ ಮಾಡಿಕೊಂಡೇ ಹೋಗಿದ್ದೆ. ಅತ್ತೆ ಬೈಯಲಿಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟಳು.

"ಸಂದಾಗ್ ಪೇಸ್ದೆ, ಸಾಮಿ. ನಮ್ಮಣ್ಣ ಇದ್ದಿದ್ರೆ ಕುಸಿ ಪಡ್ತಿದ್ದ." ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೇಳಿದಳು: "ಅದ್ನ ನಮ್ ಮಾತಾಗೆ ಯೋಳು, ಕೇಳ್ತೀನಿ. ತಮಿಳಾಗೆ ನೀನು ಯೋಳ್ದಾಗ ಪಾಟು ಕೇಳ್ದಂಗಿತ್ತು. ಬಾತಿ ನಂಗೆ ತಿಳೀಲಿಲ್ಲ." ಹಾಡು ಕೇಳಿದ ಹಾಗಿತ್ತು, ಅರ್ಧ ತಿಳಿಯಲಿಲ್ಲ ಎಂದು.

ಶುರು ಮಾಡಿದೆ. "ಕಂಪನಿ ಬಂದ್ರೆ ಬೆಳೀತದೆ ಅತ್ತೆ…"

"ಆರು?"

"ಊರು."

"ಊರು ಅಂದ್ರೆ ಆರು? ನಾನಾ, ಬೇಲಿ ಒಳಗಿರೋನಾ?"

ತಮಿಳಿನ 'ವಳರ್ಚಿ'ಗೆ ಬೆಳೆಯುವವರು ಯಾರೆಂದು ಹೇಳುವ ಜವಾಬ್ದಾರಿ ಇರಲಿಲ್ಲ. ವೇದಿಕೆಯ ಮೇಲೆ ಯಾರೂ ಕೇಳುವುದೂ ಇಲ್ಲ. ಹಾಗಂತ ಅದು ತಮಿಳಿನ ತಪ್ಪಲ್ಲ. ಅತ್ತೆಯ ಪಕ್ಕದಲ್ಲಿ ಕೂತಿದ್ದ ತಮಿಳು ಹೆಂಗಸರು ಅವರ ಮನೆಮಾತಿನಲ್ಲಿ ಕೇಳಿದ್ದರೂ ನಾನು ಹೀಗೆಯೇ ತಡವರಿಸುತ್ತಿದ್ದೆ. ಬಂಡವಾಳ ಎನ್ನುವುದನ್ನು ಅವಳಿಗೆ ತಿಳಿಯುವ ಹಾಗೆ ಹೇಳಹೊರಟರೆ, 'ಅವರ ಹತ್ತಿರ ಜಾಸ್ತಿ ಇದೆ, ಆದ್ದರಿಂದ ನೀನು ಬಿಸಿಲಲ್ಲಿ ನಿಲ್ಲು' ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಕಾಫಿ ಆರಿತು. ಅತ್ತೆ ಲೋಟ ತೆಗೆದುಕೊಂಡು, "ಓಗ್ಲಿ ಬುಡು. ಬಸ್ಸಿಗೆ ನೇರಾಯ್ತು," ಎಂದಳು. ಹೊತ್ತಾಯಿತು ಎಂದು.

ನನ್ನ ಚಟಾಕಿ ಮಾತ್ರ ನನಗಿಂತ ಹೆಚ್ಚು ದಿನ ಆ ಊರಿನಲ್ಲಿ ಉಳಿಯಿತು. ಬಸ್ಸಿನ ಹುಡುಗರು ಕಿಟಕಿಯಿಂದ "ಪಿಕ್ನಿಕ್ಕಾ, ಪಿಕ್ನಿಕ್ಕಾ?" ಎಂದು ಕೂಗತೊಡಗಿದರಂತೆ. ಹೆಂಗಸರು ಹೂ ಕೊಡುವುದನ್ನು ನಿಲ್ಲಿಸಿದರು. ಇನ್ನೂ ಕೆಲವು ದಿನ ಕೂತಿದ್ದು ಎದ್ದರು. ಪೂರ್ತಿ ಸೋತರು ಅನ್ನುವಂತಿಲ್ಲ. ಕಣ್ಣೆದುರು ತೂಗುವುದಕ್ಕೆ ಕಂಪನಿ ಒಪ್ಪಿತು, ಸಣ್ಣ ಗಂಟುಗಳಿಗೆ ಬೇರೆ ಸಾಲು ಬಂತು. ಶೆಡ್ಡು ಬರಲಿಲ್ಲ. ನನ್ನ ಮಾತಿಲ್ಲದಿದ್ದರೆ ಅದೂ ಬರುತ್ತಿತ್ತೇ? ಗೊತ್ತಿಲ್ಲ. ಒಂದು ಚಟಾಕಿಗೆ ಅಷ್ಟು ಶಕ್ತಿ ಇದೆ ಎಂದುಕೊಳ್ಳುವುದೂ ಒಂದು ಜಂಬವೇ. ಆದರೆ ಆಮೇಲೆ ಪಟ್ಟಿಮಂಡ್ರಂಗೆ ಕರೆ ಬಂದಾಗಲೆಲ್ಲ ಗಂಟಲು ನೋವು ಎನ್ನುತ್ತ ಬಂದೆ. ಎರಡು ವರ್ಷ ಗಂಟಲು ನೋಯಿಸಿಕೊಂಡವನನ್ನು ಆಮೇಲೆ ಯಾರೂ ಕರೆಯಲಿಲ್ಲ. ಆ ಶಾಲನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಲು ಮಾತ್ರ ಮನಸ್ಸು ಬರಲಿಲ್ಲ.

ಇದೆಲ್ಲ ನಡೆದು ಏಳೆಂಟು ವರ್ಷವಾಯಿತು. ವೋಟರ್ ಕಾರ್ಡ್ ಕೊನೆಗೆ ಅಡುಗೆಮನೆಯಲ್ಲಿ ಸಿಕ್ಕಿತು. ಅದೇ ವಾರ ಕೆಂಚಮ್ಮತ್ತೆಯ ಫೋನ್ ಬಂತು. ಶೆಡ್ಡಿನ ಗುತ್ತಿಗೆ ಮುಗಿಯುತ್ತಿದೆಯಂತೆ, ಕಂಪನಿ ಇನ್ನೂ ಹೆಚ್ಚು ವರ್ಷಕ್ಕೆ ಕೇಳಿದೆಯಂತೆ. ಸೋಮವಾರಗಳಂದು ದಿಂಡುಗಲ್ಲಿನ ಕಲೆಕ್ಟರ್ ಕಚೇರಿಯಲ್ಲಿ ಜನರ ಅಹವಾಲು ಕೇಳುತ್ತಾರೆ; ಅಲ್ಲಿಗೆ ಹೋಗಬೇಕು, ಜೊತೆಗೆ ಬಾ ಎಂದಳು. ನನ್ನನ್ನೇ ಯಾಕೆ ಎಂದು ನಾನು ಕೇಳಲಿಲ್ಲ. ಮಾಮನಿಗೆ ಈಗ ಮಂಡಿ ನೋವು, ಅಷ್ಟು ಹೊತ್ತು ನಿಲ್ಲಲಾರರು.

ಹೋದೆ. ಉದ್ದದ ಸಾಲು. ನಮ್ಮ ಸರದಿ ಬಂದಾಗ ಅತ್ತೆಯೇ ಮಾತಾಡಿದಳು, ತನ್ನ ತಮಿಳಿನಲ್ಲಿ, ನಾಲ್ಕೇ ಮಾತು. ಹಿಂದೆ ಆರು ಹೆಂಗಸರು. ನಾನು ಅವರೆಲ್ಲರ ಹಿಂದೆ. ಅಧಿಕಾರಿ ತಲೆಯೆತ್ತಿ, "ಸಾರ್, ನೀವೇನಾದರೂ ಹೇಳುವುದಿದೆಯೇ?" ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ. ಅಷ್ಟು ವಿನಯದಿಂದ ಸುಮ್ಮನಿದ್ದದ್ದಕ್ಕೆ ಒಳಗೊಳಗೇ ನನ್ನ ಬಗ್ಗೆ ಮೆಚ್ಚುಗೆಯೂ ಆಯಿತು.

ಹೊರಗೆ ಬಂದ ಮೇಲೆ ಅತ್ತೆ ನನ್ನತ್ತ ತಿರುಗಿದಳು.

"ಅಲ್ಲಯ್ಯಾ, ಬೇಡಾದ ಕಡೆ ಅಷ್ಟು ಪೇಸ್ದೆ. ಬೇಕಾದ ಕಡೆ ಬಾಯಿಲ್ದ ಊಮನಂಗೆ ನಿಂತ್ಯಲ್ಲಾ!"

"ನೀವೇ ಚೆನ್ನಾಗಿ ಹೇಳಿದಿರಲ್ಲ ಅತ್ತೆ…"

"ನಾನು ಯೋಳ್ದೆ. ನನ್ ಪಾಡು ಯೋಳ್ದೆ. ಒಂದು ರಸೀತಿ ತಾಳು ಕೊಟ್ಟು ಬರೋ ವಾರ ಬಾ ಅಂದ್ರು. ಬರೋ ವಾರ ನೀನು ಪೇಸು."

"ಏನು ಹೇಳಲಿ?"

"ಇಷ್ಟ್ ವರ್ಸ ವಾತ್ಯಾರಾಗಿದ್ದೆ. ನಾನಾ ಯೋಳ್ಕೊಡೋದು?" ಎಂದು ಅವಳು ಬಸ್ ನಿಲ್ದಾಣದ ಕಡೆ ನಡೆದಳು. ಉಳಿದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಒಬ್ಬಳು ತಮಿಳಿನಲ್ಲಿ, ಬೇಗ ಬನ್ನಿ ಸಾರ್, ಬಸ್ಸು ಹೋಗಿಬಿಡುತ್ತದೆ ಎಂದಳು.

ಇವತ್ತು ಶನಿವಾರ. ಮೂರು ಹಾಳೆ ಬರೆದು ಹರಿದೆ. ನಾಲ್ಕನೆಯದರಲ್ಲಿ ಎರಡು ವಾಕ್ಯ ನಿಂತಿವೆ, ಎರಡರಲ್ಲೂ ಯಾರು ಬಿಸಿಲಲ್ಲಿ ನಿಂತಿದ್ದಾರೆ ಎಂಬುದು ಸ್ಪಷ್ಟವಾಗಿದೆ. ನಾಳಿದ್ದು ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಈ ಸಲ ನನ್ನ ಪಕ್ಷವನ್ನು ಬೇರೆ ಯಾರೂ ಹಂಚಿಕೊಟ್ಟಿಲ್ಲ.