ಪದ್ಮಕ್ಕನ ಇಸಿಜಿ ಪಾಠ

ಅವತ್ತು ಘಾಟಿನಾಚೆಯ ಭೋರ್ ಎಂಬ ಊರಿನ ಮರಾಠಿ ಶಾಲೆಯ ಎಂಟನೆಯ ವರ್ಗದಲ್ಲಿ ನಲವತ್ತು ಮಕ್ಕಳಿದ್ದರು. ಯಂತ್ರದ ಚೀಲ ಹಿಡಿದು ಬಾಗಿಲ ಹತ್ತಿರ ನಾನಿದ್ದೆ. ನಡುವೆ ಮರದ ಕುರ್ಚಿಯಲ್ಲಿ ಮುಖ್ಯಾಧ್ಯಾಪಕ ಜಗತಾಪ ಸರ್ ಅಂಗಿಯ ತೋಳು ಮಡಚಿ ಕುಳಿತಿದ್ದರು. ಅವರ ಬೆನ್ನ ಹಿಂದೆ ವಾಯರಿನ ಗಂಟು ಬಿಡಿಸುತ್ತ ಪದ್ಮಕ್ಕ ನಿಂತಿದ್ದಳು. ಕನ್ನಡಕ ಯಾವಾಗಲೂ ಅವಳ ತಲೆಯ ಮೇಲಿರುತ್ತಿತ್ತು. ಕನ್ನಡಕದ ಡಬ್ಬಿಯಲ್ಲಿ ಮೂರು ಸ್ಕ್ರೂಡ್ರೈವರ್ ಇರುತ್ತಿದ್ದವು.

ಪದ್ಮಕ್ಕ ವಿಜಯಪುರದವಳು. ಶಿವಾಜಿನಗರದ ಒಂದು ದವಾಖಾನೆಯ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರಾಗಿ ಮೂವತ್ತೈದು ವರ್ಷ ದುಡಿದು ನಿವೃತ್ತಳಾಗಿದ್ದಳು. ವಿಮಾನ ನಗರದಲ್ಲಿ ನಮ್ಮ ಬಾಜೂ ಮನೆ ಅವಳದು. ನಾನು ಅರಿವೆ ವ್ಯಾಪಾರದವ. ಅಂಗಡಿ ಮಗನ ಕೈಗೆ ಹೋಗಿತ್ತು, ಕಾರು ನನ್ನ ಹತ್ತಿರ ಉಳಿದಿತ್ತು. ಹೀಗಾಗಿ ನನಗೆ ವಿಜ್ಞಾನ ಅಂಟಿತು.

“ಡಾಕ್ಟರ್ ಆಗ್ತೀನಿ ಅಂತ ಎಲ್ಲಾ ಹುಡುಗ್ರೂ ಅಂತಾವು, ಶಂಕ್ರಪ್ಪ. ಡಾಕ್ಟರ್ ಕೈಯಾಗಿನ ಮಷೀನ್ ಯಾರು ಮಾಡ್ಯಾರ, ಕೆಟ್ರ ಯಾರು ನೋಡ್ತಾರ, ಒಂದರೆ ಕೇಳ್ತದೇನು?”

“ಕೇಳಂಗಿಲ್ಲಕ್ಕ.”

“ಅದಕ್ಕ ನಾನ ಹೋಗಿ ಹೇಳ್ತೀನಿ. ಗಾಡಿ ತಗಿ.”

ಶಾಲೆಗೆ ಅವಳು ಹೊಸ ಯಂತ್ರ ಒಯ್ದದ್ದೇ ಇಲ್ಲ. ಕೆಟ್ಟು ಮೂಲೆ ಸೇರಿದ ಬಿ.ಪಿ. ಯಂತ್ರ ಮಕ್ಕಳ ಮುಂದಿಟ್ಟು ಬಿಚ್ಚಿರಿ ಅನ್ನುವಳು. ಬಿಚ್ಚಿದವರೇ ಮುಚ್ಚಬೇಕು. ನಮ್ಮ ಕಡೆಯ ಒಂದು ದೊಡ್ಡ ಶಾಲೆಯಲ್ಲಿ ಎಲ್ಲ ಮುಚ್ಚಿದ ಮೇಲೆ ಒಂದು ಸ್ಕ್ರೂ ಉಳಿಯಿತು. ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಟೀಚರು, ಒಂದೇ ಸ್ಕ್ರೂ ಅಲ್ಲವೇ ಮೇಡಂ, ಇರಲಿ ಬಿಡಿ ಅಂದರು. “ಮಿಕ್ಸರ್ ಇದ್ರ ಬಿಡ್ತಿದ್ದೆ. ಇದು ಮನಷ್ಯಾರದು” ಎಂದು ಮತ್ತೆ ಮೊದಲಿಂದ ಬಿಚ್ಚಿಸಿದಳು. ಬಸ್ಸು ಅರ್ಧ ತಾಸು ತಡ. ಆ ಶಾಲೆ ನಮ್ಮನ್ನು ಮತ್ತೆ ಕರೆಯಲಿಲ್ಲ.

ಹೀಗಾಗಿ ಭೋರಿನ ಮೇಲೆ ಅವಳಿಗೆ ಭಾಳ ಆಸೆ. ಜಗತಾಪ ಸರ್ ಒಂದೇ ಪಿರಿಯಡ್ ಕೊಟ್ಟಿದ್ದರು; ಅದನ್ನು ನೋಡಿ, ಮನಸ್ಸಿಗೆ ಬಂದರೆ ತಿಂಗಳಿಗೊಂದು ಶನಿವಾರ ಕೊಡುವುದಾಗಿ ಹೇಳಿದ್ದರು. “ಒಮ್ಮೆ ಹೋಗಿ ಬಂದ್ರ ಅದು ತಮಾಷಾ. ತಿಂಗಳಾ ಹೋದ್ರ ಅದು ಸಾಲಿ” ಎಂದು ದಾರಿಯುದ್ದಕ್ಕೂ ಅಂದಳು. ಘಾಟಿನ ತಿರುವಿನಲ್ಲೂ ಅಂದಳು.

ಮುಂದಿನದೆಲ್ಲ ನಡೆದದ್ದು ಮರಾಠಿಯಲ್ಲಿ. ನಮ್ಮ ಮಾತಿನಲ್ಲೇ ಹೇಳುತ್ತೇನೆ. ಹೃದಯದ ಪ್ರತಿ ಬಡಿತಕ್ಕೂ ಪರದೆಯ ಮೇಲೆ ಒಂದು ಶಿಖರ ಏಳುತ್ತದೆಂದು ಪದ್ಮಕ್ಕ ಬೋರ್ಡಿನ ಮೇಲೆ ಬರೆದು ತೋರಿಸಿದಳು. ಕೆಂಪು ವಾಯರ್ ಬಲಗೈಗೆ, ಹಳದಿ ಎಡಗೈಗೆ ಎಂದು ಚಿತ್ರವನ್ನೂ ಬರೆದಳು. ಆಮೇಲೆ ಸರ್ ಅವರ ಕೈಗೆ ವಾಯರ್ ಸಿಕ್ಕಿಸಿ, ತಾನೇ ರಿಪೇರಿ ಮಾಡಿದ ಹಳೆಯ ಇಸಿಜಿ ಯಂತ್ರ ಹಚ್ಚಿದಳು. ಶಿಖರ ಏಳಲಿಲ್ಲ. ಪ್ರತಿ ಬಡಿತಕ್ಕೂ ಗೆರೆ ಬಾವಿಗೆ ಇಳಿದಂತೆ ಕೆಳಗಿಳಿಯಿತು.

“ಸರ್ ಹೃದಯ ತಲಿಕೆಳಗ ಅದ” ಎಂದು ಹಿಂದಿನ ಬೆಂಚು ಪಿಸುಗುಟ್ಟಿತು. ಸರ್ ನಗಲಿಲ್ಲ. ಹಣೆಯಲ್ಲಿ ಬೆವರು. “ನಮ್ಮ ತಂದಿಗೂ ಹಾರ್ಟಿಂದ ಇತ್ರಿ” ಅಂದರು ಸಣ್ಣ ದನಿಯಲ್ಲಿ.

ಆಗ ಸಾಯಲಿ ಎಂಬ ಹುಡುಗಿ ಎದ್ದು ನಿಂತಳು. “ಅಕ್ಕಾ, ಬೋರ್ಡಿನ ಮ್ಯಾಲೆ ಕೆಂಪು ಬಲಗೈಗೆ ಅದ. ನೀವು ಸರ್ ಎಡಗೈಗೆ ಹಾಕೀರಿ.”

ನಮ್ಮ ಶನಿವಾರ ಹೋಯಿತೆಂದು ನಾನು ಚೀಲದ ಬಾಯಿ ಕಟ್ಟಿದೆ. ಪದ್ಮಕ್ಕ ಬಗ್ಗಿ ನೋಡಿದಳು. “ಹೌದಲ್ಲ. ಪೇಶಂಟ್ ಎದುರಿಗೆ ನಿಂತು ಹಾಕಿದ ರೂಢಿ ನನಗ. ಇವತ್ತ ನಿಮಗೆಲ್ಲಾ ಕಾಣ್ಲಿ ಅಂತ ಹಿಂದ ನಿಂತೆ, ಕೈ ಮಾತ್ರ ಹಳೇ ರೂಢೀಲೆ ಹೋತು. ಬಾ, ನೀನ ಬದಲಿ ಮಾಡು.”

ಸಾಯಲಿ ಬದಲಿಸಿದಳು. ಶಿಖರ ಎದ್ದಿತು. ಜಗತಾಪ ಸರ್ ಬಿಟ್ಟ ನಿಟ್ಟುಸಿರಿಗೆ ಇಡೀ ಗೆರೆ ತೂಗಾಡಿತು. ಮಕ್ಕಳು ಅದನ್ನೂ ಇನ್ನೊಮ್ಮೆ ಮಾಡಿಸಿದರು.

ಚಹಾ ಕುಡಿಯುವಾಗ ಸರ್ ಕೇಳಿದರು: “ಮಕ್ಕಳನ್ನ ಪರೀಕ್ಷಾ ಮಾಡ್ಲಿಕ್ಕೆ ಬೇಕಂತಲೇ ತಪ್ಪು ಹಾಕಿದ್ರಿ ಹೌದಲ್ಲ?”

ಹೂಂ ಅನ್ನು ಎಂದು ನಾನು ಮೇಜಿನ ಕೆಳಗೆ ಅವಳ ಕಾಲು ಒತ್ತಿದೆ.

“ಇಲ್ರಿ ಸರ್. ಖರೇನ ತಪ್ಪಿತು. ಶಂಕ್ರಪ್ಪ, ಕಾಲ್ ಯಾಕ ತುಳೀತಿ?”

ಸರ್ ಚಹಾದ ಬಶಿ ಕೆಳಗಿಟ್ಟರು. “ಆ ಹುಡುಗಿ ವರ್ಷದಾಗ ಒಮ್ಮೆನೂ ಎದ್ದು ಮಾತಾಡಿದ್ದಿಲ್ಲ” ಅಂದರು. “ಎರಡನೇ ಶನಿವಾರ ಬರ್ರಿ.”

ಎರಡು ವರ್ಷ ಒಂದೂ ಶನಿವಾರ ತಪ್ಪಲಿಲ್ಲ. ಈ ವರ್ಷ ಪದ್ಮಕ್ಕ ವಿಜಯಪುರಕ್ಕೆ, ತಂಗಿಯ ಮನೆಗೆ ಹೋಗಿಬಿಟ್ಟಳು. ಚೀಲ ಭೋರಿನಲ್ಲೇ ಉಳಿಯಿತು. ಹೋದ ತಿಂಗಳು ಅಲ್ಲಿಯ ಡಾಕ್ಟರೊಬ್ಬರು, ಆಡಿಕೊಳ್ಳಲಿ ಎಂದು ಮಕ್ಕಳಿಗೊಂದು ಕೆಟ್ಟ ಬಿ.ಪಿ. ಯಂತ್ರ ಕೊಟ್ಟರಂತೆ. ರಬ್ಬರ್ ನಳಿಗೆಯಲ್ಲಿ ಕೂದಲೆಳೆಯಷ್ಟು ಸೀಳು. ಮಕ್ಕಳು ನಳಿಗೆ ಬದಲಿಸಿ ವಾಪಸು ಕೊಟ್ಟರು. ನಾನು ಖುಷಿಯಿಂದ ಪದ್ಮಕ್ಕನಿಗೆ ಫೋನ್ ಮಾಡಿದೆ.

“ಚೊಲೋ ಇದ್ದ ಮಷೀನ್ ಬಾಜೂಕಿಟ್ಟು ತಾಳೆ ನೋಡ್ಯಾರೇನು?” ಅಂದಳು. “ಕೇಳಿ ಹೇಳು.”

ಸಾಯಲಿಯನ್ನು ಕೇಳಿದೆ. ಡಾಕ್ಟರರನ್ನೇ ಕೂರಿಸಿ ಮೂರು ಸಲ ನೋಡಿದ್ದರಂತೆ. ಮೂರೂ ಸಲ ಎರಡು ಯಂತ್ರವೂ ಒಂದೇ ತೋರಿಸಿದವಂತೆ.